ನಾನು ನಡೆಸದ ಗುಪ್ತ ಟಪಾಲು

ನನಗೆ ಹೆದರಿಕೆ ಎಂಬುದು ಹುಟ್ಟಿನಿಂದಲೇ ಬಂದದ್ದು. ಬೇರೆಯವರಿಗೆ ಹೆದರಲು ಕಾರಣ ಬೇಕು, ನನಗೆ ಬಿಡುವು ಸಿಕ್ಕರೆ ಸಾಕು. ಬಾಗಿಲು ಬಡಿದರೆ ಹೆದರುತ್ತೇನೆ. ಯಾರೂ ಬಡಿಯದಿದ್ದರೆ ಇಷ್ಟು ಹೊತ್ತಾದರೂ ಯಾಕೆ ಬಡಿಯಲಿಲ್ಲ ಎಂದು ಹೆದರುತ್ತೇನೆ. ಇಂಥವನು ಯಾರಿಗೂ ಕೆಡುಕಿಲ್ಲದ ಒಂದು ಹವ್ಯಾಸ ಹಿಡಿದು ಮೂಲೆಯಲ್ಲಿ ಕೂತರೆ ಹೇಗೋ ಬದುಕಿಕೊಂಡಾನು ಎಂದು ನೀವು ಅನ್ನಬಹುದು. ನಾನೂ ಹಾಗೆಯೇ ಅಂದುಕೊಂಡು ಹಳೆಯ ಟಪಾಲು ಕಚೇರಿಗಳ ಸಾಮಾನು ಕೂಡಿಸತೊಡಗಿದೆ. ಮಸಿಯ ದೌತಿಯಿಂದ ಯಾರ ಜೀವ ಹೋದೀತು ಹೇಳಿ?

ಆಗ ನಾನು ಆಳಂದದ ಶಾಲೆಯಲ್ಲಿ ಮಾಸ್ತರ. ಮನೆಯಲ್ಲಿ ನಾನು, ನನ್ನ ಹೆಂಡತಿ ನೀಲವ್ವ, ಮತ್ತು ಸಾಮಾನು. ಜೇವರ್ಗಿಯ ಒಬ್ಬ ನಿವೃತ್ತ ಮುನ್ಷಿ ಕೊಟ್ಟ ಹಿತ್ತಾಳೆ ದೌತಿ, ಕಾಗದ ತೂಗುವ ಅಂಗೈಯಗಲದ ತಕ್ಕಡಿ, ಅರಗು ಕರಗಿಸುವ ದೀಪ, ಹಸಿ ಮಸಿಯ ಮೇಲೆ ಉದುರಿಸುವ ಮರಳಿನ ಡಬ್ಬಿ, ಗೆರೆ ಹೊಡೆಯುವ ನಾಲ್ಕು ರೂಳುದೊಣ್ಣೆ. ಯಾವ ವಸ್ತು ಎಷ್ಟು ಹಳೆಯದು ಎಂದು ಗುರುತಿಸುವುದೇ ನನ್ನ ಸುಖ. ಮರವನ್ನು ಬೆರಳಿನಿಂದ ಕುಟ್ಟಿ, ಮೂಸಿ, ಮೊಳೆಯ ತಲೆ ಕೈಯಿಂದ ಬಡಿದದ್ದೋ ಯಂತ್ರದ್ದೋ ಎಂದು ನೋಡಿ, ಬರೆಯುವವನ ಮೊಳಕೈ ತಾಗಿ ಸವೆದ ಜಾಗ ಹುಡುಕಿ ತೀರ್ಪು ಕೊಡುತ್ತಿದ್ದೆ. ನೀಲವ್ವ ಮಾತ್ರ, “ಮಂದಿ ಮನೀಗೆ ಎಮ್ಮಿ ಹೊಡಕೊಂಡು ಬರ್ತಾರ, ನೀವು ಮಸಿಕುಡಿಕಿ ತರ್ತೀರಿ. ಇದನ್ನ ಹಿಂಡೂದು ಹ್ಯಾಂಗ್ರೀ?” ಎನ್ನುತ್ತಿದ್ದಳು.

ನಲವತ್ತೇಳರ ಕೊನೆಯಲ್ಲಿ ಅಫಜಲಪುರದ ಒಬ್ಬ ಬಡಗಿಯ ಅಂಗಳದಲ್ಲಿ ಆ ಖಾನೆಪೆಟ್ಟಿಗೆ ಕಂಡೆ. ಊರೂರಿನ ಕಾಗದಗಳನ್ನು ವಿಂಗಡಿಸಿಡಲು ಇಪ್ಪತ್ನಾಲ್ಕು ಖಾನೆಗಳಿದ್ದ, ನನ್ನೆತ್ತರದ ಸಾಗವಾನಿ ಪೆಟ್ಟಿಗೆ. ಅದರಲ್ಲಿ ಕೋಳಿಗಳು ಸಾಲಾಗಿ ಕೂತು ಮೊಟ್ಟೆ ಇಡುತ್ತಿದ್ದವು. ಬಡಗಿ ಅದು ಜೇವರ್ಗಿಯದೆಂದ. ನಾನು ಒಪ್ಪಲಿಲ್ಲ. ಒಂದು ಕೋಳಿಯನ್ನು ಎಬ್ಬಿಸಿ, ಅದರಿಂದ ಕುಕ್ಕಿಸಿಕೊಂಡು, ಖಾನೆಗೆ ಅಂಟಿಸಿದ ಹೆಸರುಪಟ್ಟಿಯ ಮೇಲಿನ ಹೊಲಸು ಕೆರೆದು ನೋಡಿದರೆ ಉರ್ದುವಿನಲ್ಲಿ ‘ಸರಸಂಬಾ’ ಎಂದಿತ್ತು. ಅದರ ಪಕ್ಕದ ಖಾನೆಯ ಮೇಲೆ ‘ಮಟಕಿ’. ಎರಡೂ ನಮ್ಮ ಆಳಂದ ತಾಲೂಕಿನ ಹಳ್ಳಿಗಳು! ಪೆಟ್ಟಿಗೆ ನಮ್ಮೂರ ಟಪಾಲು ಕಚೇರಿಯದೇ ಎಂದು ಸಿದ್ಧವಾಯಿತು. ಆ ಬಡಗಿಗೆ ಒಂದು ಚೀಲ ಜೋಳ ಕೊಟ್ಟು, ಬಂಡಿಯ ಮೇಲೆ ಅದನ್ನು ಮದುಮಗಳಂತೆ ಮನೆಗೆ ಕರೆತಂದೆ.

ಅಷ್ಟಕ್ಕೇ ಬಿಟ್ಟಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಉಳಿದ ಪಟ್ಟಿಗಳನ್ನು ಕೋಳಿಗಳು ತಿಂದುಹಾಕಿದ್ದವು. ಹೆಸರಿಲ್ಲದ ಖಾನೆ ನೋಡಿದರೆ ಮಾಸ್ತರನ ಕೈ ಸುಮ್ಮನಿರುತ್ತದೆಯೇ? ಬಿಳಿ ಕಾಗದ ಕತ್ತರಿಸಿ, ಹೊಸ ಮಸಿಯಲ್ಲಿ, ಮುತ್ತಿನಂಥ ಕನ್ನಡ ಅಕ್ಷರಗಳಲ್ಲಿ ಇಪ್ಪತ್ನಾಲ್ಕೂ ಖಾನೆಗೆ ಹಳ್ಳಿಗಳ ಹೆಸರು ಬರೆದು ಅಂಟಿಸಿದೆ. ತಾಲೂಕಿನ ಅರ್ಧ ಜನದ ಅರ್ಜಿ ಬರೆದುಕೊಡುತ್ತಿದ್ದವನು ನಾನು. ಆ ಅಕ್ಷರ ಯಾರದೆಂದು ಕುರುಡನಿಗೂ ಗೊತ್ತಾಗುತ್ತಿತ್ತು.

ಕಾಲ ಎಂಥದ್ದು ನೋಡಿ. ಸ್ವಾತಂತ್ರ್ಯ ಸೋಲಾಪುರದ ತನಕ ಬಂದು ನಿಂತಿತ್ತು. ಆಳಂದಕ್ಕೆ ಬರಲು ಅದಕ್ಕೆ ನಿಜಾಮರ ಅಪ್ಪಣೆ ಸಿಕ್ಕಿರಲಿಲ್ಲ. ಹರೆಯದವರು ನಿಜಾಮರ ವಿರುದ್ಧ ಹೋರಾಡಲು ಗಡಿ ದಾಟಿ ಅಕ್ಕಲಕೋಟದ ಕಡೆ ಹೋಗಿ ಸೇರಿದ್ದರು. ಇತ್ತ ಊರಲ್ಲಿ ನಿಜಾಮರ ಕಡೆಯ ಖಾಕಿ ತೊಟ್ಟವರ ಕವಾಯತು. ಆಚೆಗೆ ಹೋಗುವ ಟಪಾಲನ್ನೆಲ್ಲ ಒಡೆದು ಓದುತ್ತಾರೆ, ಓದಿ ಹಿಡಿಯುತ್ತಾರೆ ಎಂದು ಬಾಯಿಂದ ಬಾಯಿಗೆ ಸುದ್ದಿ. ಗುಟ್ಟಾಗಿ ಕಾಗದ ಸಾಗಿಸುವವರು ಎಲ್ಲೋ ಇದ್ದಾರಂತೆ, ಯಾರೆಂದು ಯಾರಿಗೂ ಗೊತ್ತಿಲ್ಲವಂತೆ. ಅಂಥ ಹೊತ್ತಿನಲ್ಲಿ ನಾನು ಪಡಸಾಲೆಯಲ್ಲಿ ಊರುಗಳ ಹೆಸರು ಬರೆದ ಟಪಾಲು ಪೆಟ್ಟಿಗೆ ನಿಲ್ಲಿಸಿಕೊಂಡು ಕೂತಿದ್ದೆ. ಇದರ ಅರ್ಥ ಏನಾದೀತೆಂದು ನನಗೆ ಹೊಳೆದೇ ಇರಲಿಲ್ಲ. ಬೇಡದ್ದಕ್ಕೆಲ್ಲ ಹೆದರಿ ಹೆದರಿ, ಹೆದರಬೇಕಾದ್ದಕ್ಕೆ ಹೆದರುವುದೇ ಮರೆತುಹೋಗಿತ್ತು.

ಹೊಳೆಯಿಸಿದವಳು ಸರಸಂಬಾದ ಗಂಗವ್ವ. ಯುಗಾದಿ ಕಳೆದ ಮೇಲೆ ಒಂದು ಸುಡು ಮಧ್ಯಾಹ್ನ, ಓಣಿಯಲ್ಲಿ ನಾಯಿಯೂ ಓಡಾಡದ ಹೊತ್ತಿನಲ್ಲಿ ಬಂದಳು. ಮಗ ಶರಣಪ್ಪ ಗಡಿಯಾಚೆ ಹೋಗಿ ನಾಲ್ಕು ತಿಂಗಳಾಗಿತ್ತು. ಪೆಟ್ಟಿಗೆಯನ್ನು ಮೇಲಿಂದ ಕೆಳಗೆ ನೋಡಿದಳು. “ಇದರಾಗ ನಮ್ಮೂರ ಹೆಸರು ಎಲ್ಲೈತ್ರಿ?” ಎಂದಳು. ಪೆಟ್ಟಿಗೆ ತೋರಿಸುವುದೆಂದರೆ ನನಗೆ ಹುರುಪು. ತೋರಿಸಿದೆ. ಆಕೆ ದನಿ ತಗ್ಗಿಸಿ, “ನನಗ ತಿಳೀತು ಬಿಡ್ರಿ ಮಾಸ್ತರ್ರ. ಯಾರ ಮುಂದೂ ಬಾಯಿ ಬಿಡಂಗಿಲ್ಲ. ನನ್ನ ಮಗಗ ಒಂದ್ ಕಾಗದ ಮುಟ್ಟಿಸ್ರಿ” ಎಂದು ಸೆರಗೊಡ್ಡಿ ನಿಂತಳು.

“ಅಯ್ಯೋ ತಾಯಿ, ಇದು ಬರೇ ಹಳೇ ಸಾಮಾನು, ನನಗೂ ಅದಕ್ಕೂ...” ಎಂದು ಶುರುಮಾಡಿದೆ. ಆಕೆ ನಕ್ಕು, “ಹಂಗ ಅನ್ನಬೇಕ್ರಿ, ಖರೇ ಅದ. ಇಂಥಾ ಕೆಲಸ ಮಾಡವ್ರು ಹಂಗ ಅಂತಾರ” ಎಂದಳು. ನೋಡಿ, ಇಲ್ಲೇ ನಾನು ಕೆಟ್ಟೆ. ಹುಟ್ಟಿ ನಲವತ್ತು ವರ್ಷಕ್ಕೆ ಮೊದಲ ಸಲ ಒಬ್ಬರು ನನ್ನನ್ನು ಧೈರ್ಯವಂತ ಎಂದುಕೊಂಡಿದ್ದರು. ಆ ಸುಖಕ್ಕೆ ಬಾಯಿ ಕಟ್ಟಿತು. ಆಕೆ ಹೇಳಿದಂತೆ ಬರೆದೆ: “ನಿನ್ನ ಹೇಣ್ತಿ ಹಡದಾಳ, ಹೆಣ್ಣು ಕೂಸು. ಇಬ್ಬರೂ ಆರಾಮ ಅದಾರ. ಏನ್ ಹೆಸರು ಇಡೂದು ನೀನ ತಿಳಿಸಬೇಕಂತ. ಅಲ್ಲಿತನಕ ಕೂಸಿನ್ನ ತೊಟ್ಟಲದಾಗ ಹಾಕಂಗಿಲ್ಲಂತ ಅಕಿ ಹಟ ಹಿಡದಾಳ. ನೀ ಬರಬ್ಯಾಡ, ಒಂದ್ ಅಕ್ಷರ ಬರಿ.” ಮಡಿಚಿ ‘ಸರಸಂಬಾ’ ಖಾನೆಯಲ್ಲಿಟ್ಟೆ. ಗಂಗವ್ವ ಪೆಟ್ಟಿಗೆಗೆ ಕೈಮುಗಿದು ಹೋದಳು.

ಬಾಯಿ ಬಿಡುವುದಿಲ್ಲ ಎಂದಿದ್ದಳಲ್ಲ, ಆಷಾಢದ ಹೊತ್ತಿಗೆ ಹದಿನೇಳು ಕಾಗದಗಳಾದವು! ಒಬ್ಬರು ಮಜ್ಜಿಗೆ ಕೇಳುವ ನೆಪದಲ್ಲಿ ಬರುವರು, ಒಬ್ಬರು ಬದನೆಕಾಯಿ ಕೊಡುವ ನೆಪದಲ್ಲಿ. ಕಳಿಸುವ ದಾರಿ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದವರನ್ನು ಹುಡುಕಲು ಧೈರ್ಯವಿರಲಿಲ್ಲ. ಸುಡೋಣವೆಂದರೆ ಹೊಗೆ ಕಂಡು ಯಾರಾದರೂ ಬಂದಾರೆಂಬ ಭಯ. ಹೂಳೋಣವೆಂದರೆ ಓಣಿಯ ನಾಯಿಗಳ ಭಯ. ನೀಲವ್ವ ದಿನವೂ, “ಮೊದಲ ಆ ಗಂಗವ್ವಗ ಖರೇ ಹೇಳಿ ಬರ್ರಿ” ಎಂದು ಬಡಕೊಂಡಳು. ನಾಳೆ ಎಂದೆ. ಕೊನೆಗೆ ಆಕೆಯೇ ತೊಗರಿಬೇಳೆಯ ಇಪ್ಪತ್ನಾಲ್ಕು ಪುಟ್ಟ ಗಂಟು ಕಟ್ಟಿ, ಒಂದೊಂದು ಖಾನೆಗೆ ಒಂದೊಂದು ತುರುಕಿ ಕಾಗದಗಳನ್ನು ಮರೆಮಾಡಿದಳು.

ಒಳ್ಳೆಯದೇ ಆಯಿತು. ಎಂಟೇ ದಿನದಲ್ಲಿ ಪೊಲೀಸು ಜಮಾದಾರ ಇಬ್ಬರನ್ನು ಕಟ್ಟಿಕೊಂಡು ಮನೆ ಹೊಕ್ಕ. ದೌತಿ ಮೂಸಿದ, ತಕ್ಕಡಿ ಕುಣಿಸಿದ, ಪೆಟ್ಟಿಗೆಯ ಮುಂದೆ ನಿಂತ. “ಏ ಕ್ಯಾ ಹೈ? ಹಳ್ಳಿ ಹೆಸರು ಯಾಕ ಬರದೀರಿ?” ನೀಲವ್ವ ಒಳಗಿನಿಂದ ಬಂದು, “ಯಾವ ಊರಿನ ಬ್ಯಾಳಿ ಆ ಖಾನೇದಾಗ್ರಿ. ಮಟಕಿ ಬ್ಯಾಳಿ ಇವರಿಗೆ ವಾಯು ಆಗ್ತದ, ಸರಸಂಬಾದ್ದು ಹೊಂದ್ತದ. ಎಲ್ಲಾ ಕಲಸಿದ್ರ ಇವರ ಹೊಟ್ಟಿ ಕೇಳಂಗಿಲ್ಲ” ಎಂದಳು. ಯಾವ ಹೊಲದ ತೊಗರಿ ಬೇಗ ಬೇಯುತ್ತದೆ ಎಂದು ಹಬ್ಬದೂಟದಲ್ಲೂ ಜಗಳಾಡುವ ಸೀಮೆ ನಮ್ಮದು. ಜಮಾದಾರನೂ ಈ ಸೀಮೆಯವನೇ. ಅವನ ಮುಖ ಸಡಿಲವಾಯಿತು. “ಸರಸಂಬಾದ್ದ ಛಲೋ ಬೇಯ್ತದ, ಖರೇ” ಎಂದು ಆ ಗಂಟನ್ನೇ ಎಳೆದ. ಅದರ ಹಿಂದೆಯೇ ಗಂಗವ್ವನ ಕಾಗದ ಜಾರಿ ನೆಲಕ್ಕೆ ಬಿತ್ತು.

ಜಮಾದಾರನ ಕಣ್ಣು ಇನ್ನೂ ಗಂಟಿನ ಮೇಲೆಯೇ ಇತ್ತು. ನಾನು ಕುಸಿದು ಕೂತೆ. ನೀಲವ್ವ ಮಾತ್ರ, “ಕೊಡ್ರಿ ಇಲ್ಲೆ, ಬಿಚ್ಚಿ ಹೋಗ್ತದ, ಬಿಗಿ ಕಟ್ಟಿ ಕೊಡ್ತೇನಿ” ಎನ್ನುತ್ತ ನೆಟ್ಟಗೆ ಆ ಕಾಗದದ ಮೇಲೆಯೇ ಕೂತು, ಅವಸರವಿಲ್ಲದೆ ಗಂಟು ಬಿಗಿದಳು. ಜಮಾದಾರ ಬೆವರಿದ ನನ್ನ ಮುಖ ನೋಡಿ, “ಒಂದ್ ಪಾವು ಬ್ಯಾಳಿಗೆ ಇಷ್ಟ್ ಸಂಕಟ ಏನ್ರೀ ಮಾಸ್ಟರ್? ಭಾಳ ಕಂಜೂಸ್ ಇದ್ದೀರಿ” ಎಂದು ಗಂಟು ಎತ್ತಿಕೊಂಡು ನಗುತ್ತ ಹೋದ. ಆಮೇಲೆ ಮೂರು ದಿನ ನನಗೆ ಜ್ವರ.

ಭಾದ್ರಪದದಲ್ಲಿ ಸೋಲಾಪುರದ ಕಡೆಯಿಂದ ಸೈನ್ಯ ಬಂತು. ವಾರ ತುಂಬುವುದರೊಳಗೆ ನಿಜಾಮರ ಆಳ್ವಿಕೆ ಮುಗಿಯಿತು. ಗಡಿಯಾಚೆ ಹೋದವರು ಒಬ್ಬೊಬ್ಬರೇ ಮರಳಿದರು. ಇನ್ನು ಭಯವಿಲ್ಲ ಎಂದು ನಾನು ಕಾಲು ಚಾಚುವಷ್ಟರಲ್ಲಿ ಊರ ಹಿರಿಯರು ಬಂದು, ಗುಪ್ತ ಟಪಾಲು ನಡೆಸಿದ ಮಾಸ್ತರರಿಗೆ ಶಾಲೆಯ ಅಂಗಳದಲ್ಲಿ ಸನ್ಮಾನ ಎಂದರು. ಬೇಡವೆಂದೆ. ಅದನ್ನು ವಿನಯವೆಂದರು. ಸಭೆಯ ದಿನ ಕೊರಳಿಗೆ ಚೆಂಡುಹೂವಿನ ಹಾರ ಬಿತ್ತು. ಜನದ ನಡುವಿನಿಂದ ಶರಣಪ್ಪ ಎದ್ದ. “ನನಗ ಒಂದ್ ಕಾಗದಾನೂ ಮುಟ್ಟಿಲ್ರಿ. ಹೆಣ್ಣು ಹುಟ್ಟಿತಂತ ನಾ ಜವಾಬ ಕೊಡಲಿಲ್ಲಂತ ತಿಳದು, ಹೇಣ್ತಿ ನನ್ನ ಕೂಡ ಮಾತು ಬಿಟ್ಟಾಳ. ಕೂಸಿನ ಮಾರಿ ತೋರಸವಲ್ಲಳು” ಎಂದ. ಗಂಗವ್ವ ಎದ್ದು ಮಗನ ತೋಳು ಹಿಡಿದು ಜಗ್ಗಿದಳು. “ಸುಳ್ಳು ಹೇಳಬ್ಯಾಡ ಲೇ! ನನ್ನ ಮುಂದ ಬರದು ಖಾನೇದಾಗ ಇಟ್ಟಾರ. ಮಾಸ್ತರ್ರು ಮುಟ್ಟಸದ ಇರ್ತಾರೇನು?” ಜನವೆಲ್ಲ ಶರಣಪ್ಪನನ್ನು ಛೀ ಎಂದಿತು. ನಾನು ಹಾರ ಹಾಕಿಕೊಂಡು ಬಾಯಿ ಮುಚ್ಚಿ ಕೂತಿದ್ದೆ. ಇಂದಿಗೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ.

ಮರುದಿನ ಹೊತ್ತು ಏರುವ ಮೊದಲು ಕಾಗದ ಜೇಬಿನಲ್ಲಿಟ್ಟುಕೊಂಡು ಸರಸಂಬಾಕ್ಕೆ ನಡೆದೆ. ದಾರಿಯುದ್ದಕ್ಕೂ ಸಮಜಾಯಿಷಿ ಕಟ್ಟಿದೆ. ಕಾಲ ಕೆಟ್ಟಿತ್ತು, ಜಮಾದಾರ ಬಂದಿದ್ದ, ನೌಕರಿ ಹೋಗುತ್ತಿತ್ತು, ನನ್ನ ಸ್ವಭಾವವೇ ಹೀಗೆ. ಗಂಗವ್ವನ ಕಟ್ಟೆಯ ಮೇಲೆ ಕೂತು ಕಾಗದ ಶರಣಪ್ಪನ ಕೈಗಿಟ್ಟೆ. ಅವನು ಗಟ್ಟಿಯಾಗಿ ಓದಿದ. ಓದಿ ಮುಗಿದ ಮೇಲೆ ಒಳಗಿನ ಬಾಗಿಲು ತೆರೆಯಿತು. ಆ ಹುಡುಗಿ ಗಂಡನ ಮುಖ ನೋಡದೆಯೇ ಆರು ತಿಂಗಳ ಕೂಸನ್ನು ತಂದು ಅವನ ತೊಡೆಯ ಮೇಲೆ ಹಾಕಿದಳು. ಅವನು ಅಳತೊಡಗಿದ. ನನ್ನ ಕಡೆ ಯಾರೂ ನೋಡಲಿಲ್ಲ.

ಗಂಗವ್ವ ಮಾತ್ರ ನನ್ನತ್ತ ತಿರುಗಿ ಕೇಳಿದಳು. “ಯಾಕ್ರಿ ಮಾಸ್ತರ್ರ, ಕಳಸಲಿಲ್ಲ?”

“ಹೆದರಿಕೆ ಆತು ತಾಯಿ” ಎಂದೆ.

ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸುಖವಾಗುತ್ತಿತ್ತು. “ಹೆದರಿಕಿ ನನಗೂ ಆಗಿತ್ರಿ” ಎಂದಳು. “ಹೆದರಕೋತ ಹೆದರಕೋತನ ನಿಮ್ಮ ಮನೀತನ ನಡಕೊಂಡು ಬಂದಿದ್ದೆ.”

ಅಷ್ಟು ದೂರ ಹೊತ್ತು ತಂದಿದ್ದ ಸಮಜಾಯಿಷಿಯಲ್ಲಿ ಒಂದೂ ಹೊರಗೆ ಬರಲಿಲ್ಲ. ಒಂದು ತಂಬಿಗೆ ನೀರು ಕುಡಿದು ಎದ್ದೆ. ಇನ್ನೂ ಹದಿನಾರು ಮನೆ ಬಾಕಿ ಇದ್ದವು. ನಿಜ ಹೇಳುತ್ತೇನೆ, ಜಮಾದಾರ ಬಂದ ದಿನವೂ ನಾನು ಇಷ್ಟು ಹೆದರಿರಲಿಲ್ಲ.