ನಮ್ಮ ಬೀದಿಗೆ ಹೆದ್ದಾರಿಯಾಗಿ ಬಡ್ತಿ ಕೊಟ್ಟವರಿಗೆ

ಮಧುರವಾಡ, ವಿಶಾಖಪಟ್ಟಣ
20 ಜನವರಿ 1994

ವಿಜಯವಾಡದ ರಸ್ತೆ ವೇಗ ನಿಗದಿ ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ಕೃಷ್ಣಾ ತೀರದಲ್ಲಿ ಫ್ಯಾನಿನಡಿ ಕೂತು, ಮುನ್ನೂರೈವತ್ತು ಕಿಲೋಮೀಟರ್ ದೂರದ ನಮ್ಮ ಬೀದಿಯಲ್ಲಿ ಲಾರಿ ಎಷ್ಟು ಜೋರಾಗಿ ಓಡಬೇಕೆಂದು ನಕ್ಷೆ ನೋಡಿಯೇ ಹೇಳಬಲ್ಲ ತಮ್ಮ ದಿವ್ಯದೃಷ್ಟಿಗೆ, ದಾವಣಗೆರೆಯಿಂದ ವರ್ಗವಾಗಿ ಬಂದಿರುವ ಬ್ಯಾಂಕ್ ಅಧಿಕಾರಿಯೊಬ್ಬನ ಸಕುಟುಂಬ ನಮಸ್ಕಾರಗಳು.

ತಮ್ಮ ನಿಯಮದ ಪುಸ್ತಕ ಬಹಳ ಚೊಕ್ಕ: ಓಣಿಗೆ ಇಪ್ಪತ್ತು, ಊರೊಳಗಿನ ಬೀದಿಗೆ ಮೂವತ್ತು, ಹೆದ್ದಾರಿಗೆ ಅರವತ್ತು. ದೊಡ್ಡ ರಸ್ತೆ ರಿಪೇರಿಗೆ ಬಂದಾಗ ಲಾರಿಗಳನ್ನು ನಮ್ಮ ಬೀದಿಗೆ ತಿರುಗಿಸಿದಿರಿ. ಹೆದ್ದಾರಿಯ ಲಾರಿ ಓಡುವ ಬೀದಿಯೂ ಹೆದ್ದಾರಿಯೇ ಎಂದು ತೀರ್ಮಾನಿಸಿ, ಮೂವತ್ತರ ಫಲಕ ಕಿತ್ತು ಅರವತ್ತರದ್ದು ನೆಟ್ಟಿರಿ. ಗುಮಾಸ್ತನಾಗಿದ್ದ ನನಗೆ ಅಧಿಕಾರಿಯಾಗಲು ಹದಿನಾಲ್ಕು ವರ್ಷ ಹಿಡಿಯಿತು. ನಮ್ಮ ಬೀದಿ ಒಂದು ಪರೀಕ್ಷೆಯನ್ನೂ ಬರೆಯದೆ, ಅದೇ ಹದಿನೆಂಟು ಅಡಿ ಅಗಲದಲ್ಲಿ, ಒಂದೇ ವಾರಕ್ಕೆ ಬಡ್ತಿ ಪಡೆಯಿತು. ನನಗೆ ಹೊಟ್ಟೆಕಿಚ್ಚಾದದ್ದು ನಿಜ.

ತೊಂದರೆ ಒಂದೇ. ಶಾಲೆ ಬೀದಿಯ ಆ ಬದಿಗಿದೆ, ನನ್ನ ಏಳು ವರ್ಷದ ಮಗಳು ಶಾರದಾ ಈ ಬದಿಗಿದ್ದಾಳೆ. ತಮ್ಮ ಪುಸ್ತಕದಲ್ಲಿ ಎತ್ತಿನ ಗಾಡಿಗೂ ಒಂದು ಸಾಲಿದೆ, ಮಕ್ಕಳಿಗಿಲ್ಲ. ಹಾಗಾಗಿ ಅವಳನ್ನೂ ಒಂದು ವಾಹನವೆಂದು ನೋಂದಾಯಿಸಿಕೊಂಡು, ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ರಸ್ತೆ ದಾಟಲು ಪರವಾನಗಿ ಕೊಡಬೇಕೆಂದು ನವೆಂಬರಿನಲ್ಲೇ ಅರ್ಜಿ ಹಾಕಿದ್ದೆ. ದಿನಾ ಬೆಳಗ್ಗೆ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಅವಳನ್ನು ದಾಟಿಸಲು ಓಡುತ್ತಿದ್ದೆ. ಅದನ್ನು ಬರೆಯಲು ಅರ್ಜಿಯಲ್ಲಿ ಕಾಲಂ ಇರಲಿಲ್ಲ.

ಅಷ್ಟರಲ್ಲಿ ಧನುರ್ಮಾಸ ಬಂತು. ನನ್ನಾಕೆ ಮಂಗಳಾಗೌರಿ ನಮ್ಮ ಕಡೆಯ ರೂಢಿಯಂತೆ ಹೊಸ್ತಿಲ ಮುಂದೆ ಎರಡಡಿಯ ರಂಗೋಲಿ ಬಿಟ್ಟಳು. ಪಕ್ಕದ ಮನೆಯ ದುರ್ಗಾಂಬನವರು ಅದನ್ನು ನೋಡಿ, "ಇದೇಂ ಮುಗ್ಗು ಅಮ್ಮಾ, ಪೋಸ್ಟ್ ಕಾರ್ಡಾ?" ಎಂದು ನಕ್ಕು, ತಮ್ಮ ಮುಗ್ಗನ್ನು, ಅಂದರೆ ರಂಗೋಲಿಯನ್ನು, ಬೀದಿಯ ಈ ಅಂಚಿನಿಂದ ಆ ಅಂಚಿಗೆ ಎಳೆದರು, ನಡುವೆ ಸಗಣಿಯುಂಡೆಗಳಿಗೆ ಕುಂಬಳದ ಹೂ ಮುಡಿಸಿ, ಗೊಬ್ಬೆಮ್ಮನೆಂದು ಕೈಮುಗಿದು ಕೂರಿಸಿದರು. "ರೋಡ್ ತುಂಬ ಹಾಕಿದ್ರೆ ಪೊಲೀಸ್ರು ಬರಂಗಿಲ್ಲೇನ್ರೀ?" ಎಂದು ನನ್ನನ್ನು ಕೇಳಿದ ಮಂಗಳಾಗೌರಿ ಮರುದಿನ ಅವರಿಗಿಂತ ಒಂದಡಿ ದೊಡ್ಡದು ಹಾಕಿದಳು. ವಾರದೊಳಗೆ ಹನ್ನೊಂದು ಮನೆಗಳವರು ಸೇರಿಕೊಂಡರು.

ಮಾನ್ಯರೇ, ತಮ್ಮ ಫಲಕದ ಎದುರು ಎಂಬತ್ತರಲ್ಲಿ ಹಾರ್ನ್ ಹೊಡೆಯುತ್ತ ಹೋಗುತ್ತಿದ್ದ ಲಾರಿಗಳು ಗೊಬ್ಬೆಮ್ಮನನ್ನು ಕಂಡು ಬ್ರೇಕ್ ಹಾಕಿದವು. ಮೀಸೆ ಹೊತ್ತ ಚಾಲಕರು ಕೆನ್ನೆ ಮುಟ್ಟಿಕೊಂಡು, ಒಂದನೇ ಗೇರಿನಲ್ಲಿ, ಹೂವಿನ ಎಸಳೂ ಅಲುಗದಂತೆ ಚರಂಡಿಯ ಅಂಚಿಗೆ ಚಕ್ರ ಹೊರಳಿಸಿಕೊಂಡು ದಾಟಿದರು. ಒಂದು ತಿಂಗಳು ಶಾರದಾ ಜಿಗಿಯುತ್ತ ಕುಣಿಯುತ್ತ ಶಾಲೆಗೆ ಹೋದಳು. ಎಷ್ಟೋ ದಿನಗಳ ಮೇಲೆ ನಾನು ಕಾಫಿಯನ್ನು ಬಿಸಿಯಿರುವಾಗಲೇ ಕುಡಿದೆ.

ಈಗ ಸಂಕ್ರಾಂತಿ ಮುಗಿದಿದೆ, ಗೊಬ್ಬೆಮ್ಮ ಹೊರಟುಹೋಗಿದ್ದಾಳೆ, ಲಾರಿಗಳು ಮತ್ತೆ ಎಂಬತ್ತಕ್ಕೆ ಬಂದಿವೆ. ಆದ್ದರಿಂದ ಧನುರ್ಮಾಸವನ್ನು ವರ್ಷದ ಹನ್ನೆರಡು ತಿಂಗಳಿಗೂ ವಿಸ್ತರಿಸಿ ಆದೇಶ ಹೊರಡಿಸಬೇಕೆಂದು ಕೋರುತ್ತೇನೆ. ಅದು ಪಂಚಾಂಗದವರ ಇಲಾಖೆ ಎನ್ನುವುದಾದರೆ ದುರ್ಗಾಂಬನವರನ್ನು ತಮ್ಮ ಕಚೇರಿಗೆ ಎಂಜಿನಿಯರಾಗಿ ನೇಮಿಸಿಕೊಳ್ಳಿ. ಅವರು ಸ್ಕೇಲಿಲ್ಲದೆ ನೇರ ಗೆರೆ ಎಳೆಯುತ್ತಾರೆ. ಇದಾವುದೂ ಆಗದಿದ್ದರೆ ಆ ಹಳೆಯ ಮೂವತ್ತರ ಫಲಕವನ್ನಾದರೂ ಹಿಂದಕ್ಕೆ ಕೊಡಿ. ಗುಂಡಿ ನಾವೇ ತೋಡಿಕೊಳ್ಳುತ್ತೇವೆ.

ಗಂಟೆಗೆ ಸೊನ್ನೆ ಕಿಲೋಮೀಟರಿನಲ್ಲಿ ರಸ್ತೆಯಂಚಿಗೆ ನಿಂತಿರುವ,
ತಮ್ಮ ವಿಶ್ವಾಸಿ,
ಬಾಲಚಂದ್ರ

ತಾ.ಕ.: ಇದನ್ನು ಅಂಚೆಗೆ ಹಾಕುವಷ್ಟರಲ್ಲಿ ತಮ್ಮ ಕಚೇರಿಯ ನರಸಿಂಹಮೂರ್ತಿಯವರಿಂದ ನವೆಂಬರಿನ ಅರ್ಜಿಗೆ ಉತ್ತರ ಬಂತು. ಫಲಕ ಬದಲಿಸಬೇಕಾದರೆ ಆ ಸ್ಥಳದಲ್ಲಿ ಕನಿಷ್ಠ ಒಂದು ಅಪಘಾತ ದಾಖಲಾಗಿರಬೇಕಂತೆ. ಹನ್ನೊಂದು ಮನೆಯವರೂ ಸಭೆ ಸೇರಿದೆವು. ಸ್ವಾರ್ಥಿಗಳು, ಒಬ್ಬರೂ ತಮ್ಮ ಮಗುವನ್ನು ಕೊಡಲು ಒಪ್ಪಲಿಲ್ಲ. ತಮ್ಮ ಮನೆಯಲ್ಲಿ ನಮ್ಮ ಮಕ್ಕಳ ವಯಸ್ಸಿನ ಮೊಮ್ಮಕ್ಕಳಿದ್ದರೆ ಒಂದು ವಾರ ನಮ್ಮಲ್ಲಿಗೆ ಕರೆತನ್ನಿ. ಶಾರದಾ ಆ ಮಕ್ಕಳನ್ನು ಶಾಲೆಗೆ ಕರೆದುಕೊಂಡು ಹೋಗುತ್ತಾಳೆ. ತಾವು ನಮ್ಮ ಗೇಟಿನಲ್ಲಿ ನಿಂತು ನೋಡುತ್ತಿರಿ.