ಭದ್ರವಾಗಿ ಇಟ್ಟ ಫೈಲು

ಕಳೆದುಹೋಗಬಾರದೆಂದು ಒಂದು ವಸ್ತುವನ್ನು ಭದ್ರವಾಗಿ ಇಟ್ಟರೆ ಅದು ಕಳ್ಳರಿಗೂ ಸಿಗುವುದಿಲ್ಲ, ಇಟ್ಟವರಿಗೂ ಸಿಗುವುದಿಲ್ಲ. ಈ ಸತ್ಯ ಚೀಟಿ ಸಾರ್‌ಗೆ ಐವತ್ತನೇ ಸಲ ಹೊಳೆದದ್ದು ಆ ದಿನ ಬೆಳಿಗ್ಗೆ ಒಂಬತ್ತಕ್ಕೆ. ಹನ್ನೊಂದಕ್ಕೆ ಸಂದರ್ಶನವಿದ್ದ ಹೆಣ್ಣುಮಗಳೊಬ್ಬಳ ಅಸಲಿ ಸರ್ಟಿಫಿಕೇಟುಗಳೆಲ್ಲ ಒಂದು ನೀಲಿ ಫೈಲಿನಲ್ಲಿದ್ದವು. ಆ ಫೈಲು ಮನೆಯಲ್ಲೇ ಇದೆ ಎಂಬುದು ಅವರಿಗೆ ಖಾತ್ರಿಯಿತ್ತು. ಎಲ್ಲಿ ಎಂದು ಮಾತ್ರ ಕೇಳಬಾರದು.

ಚೀಟಿ ಸಾರ್‌ಗೆ ಎಡಿಎಚ್‌ಡಿ. ಮನಸ್ಸು ಒಂದು ಕಡೆ ನಿಲ್ಲದ ಆ ತೊಂದರೆಯಿಂದ ಒಂಬತ್ತು ಕೆಲಸ ಕಳೆದುಕೊಂಡಿದ್ದರು. ಹತ್ತನೆಯದು ಸಿಕ್ಕಿದ್ದೂ ಅದರಿಂದಲೇ: ತಮ್ಮಂಥವರಿಗೆ ಕೆಲಸ ಹುಡುಕಿಕೊಡುವ ಸಲಹೆಗಾರ. ಬಿದ್ದವನಿಗೆ ತಾನೆ ಗುಂಡಿಯ ಆಳ ಗೊತ್ತಿರುವುದು! ಕಂಡಲ್ಲೆಲ್ಲ ಜ್ಞಾಪಕದ ಚೀಟಿ ಅಂಟಿಸಿ ಎಂದು ಬಂದವರಿಗೆಲ್ಲ ಹೇಳಿ ಹೇಳಿ ಈ ಹೆಸರು ಬಿದ್ದಿತ್ತು. ಗುತ್ತಿಗೆ ಈ ತಿಂಗಳಿಗೆ ಮುಗಿಯುತ್ತಿತ್ತು. ಹತ್ತು ಜನಕ್ಕೆ ಕೆಲಸ ಕೊಡಿಸಿದರೆ ಮುಂದಿನ ವರ್ಷದ ಮಾತಾಡೋಣ ಎಂದು ಆಫೀಸಿನ ಮೇಡಂ ಹೇಳಿದ್ದರು. ಒಂಬತ್ತು ಜನಕ್ಕೆ ಆಗಿತ್ತು.

ಈ ಹತ್ತನೆಯವಳು ಗ್ರಂಥಾಲಯದಲ್ಲಿ ಪುಸ್ತಕ ಜೋಡಿಸುವ ಬದಲು ಓದುತ್ತ ಕೂತು ಕೆಲಸ ಕಳೆದುಕೊಂಡವಳು. ತನ್ನ ಹತ್ತಿರ ಇದ್ದರೆ ಕಳೆದೀತೆಂದು ಫೈಲನ್ನು ಅವಳೇ ತಂದುಕೊಟ್ಟಿದ್ದಳು. ಮೂರು ವಾರದ ಹಿಂದೆ ಮೇಡಂ ಕಳಿಸಿದ ಕಾಗದವೊಂದರಲ್ಲಿ ‘ಹುದ್ದೆ ಖಾಲಿಯಾಗಲಿದೆ, ಅರ್ಜಿ ಸಲ್ಲಿಸಿ’ ಎಂಬೆರಡು ಸಾಲು ಕಂಡದ್ದೇ ತಡ, ಚೀಟಿ ಸಾರ್ ಅವಳ ಹೆಸರಲ್ಲಿ ಅರ್ಜಿ ಬರೆದು, ಎರಡು ಪುಟದ ಹೊಗಳಿಕೆಯನ್ನೂ ಲಗತ್ತಿಸಿ ಕಳಿಸಿಬಿಟ್ಟರು. ಕಾಗದವನ್ನು ಅವಳ ಕೈಗೇ ಕೊಟ್ಟರು. ಪೂರ್ತಿ ಓದುವುದನ್ನು ಸಂಜೆಗೆ ಇಟ್ಟುಕೊಂಡಿದ್ದರು. ಆ ಸಂಜೆ ಇನ್ನೂ ಬಂದಿರಲಿಲ್ಲ.

ಸರ್ಟಿಫಿಕೇಟು ಕಾಣಿಸುತ್ತಿಲ್ಲವೆಂದು ಅವರು ಕೂಗಿಕೊಂಡದ್ದು ಇಡೀ ಕಟ್ಟಡಕ್ಕೆ ಕೇಳಿಸಿತು. ಎದುರುಮನೆಯ ಟೈಲರಮ್ಮ ಬಂದು, ಯಾರೂ ಹೇಳದಿದ್ದರೂ ಹಾಸಿಗೆ ಎತ್ತಿಹಾಕಿದಳು. ಕೆಳಗಿನ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು ಬಂದು ಕುರ್ಚಿಯಲ್ಲಿ ಕೂತರು. ಅಕ್ಕಿ ಡಬ್ಬದಲ್ಲಿ ಟಿವಿ ರಿಮೋಟು ಸಿಕ್ಕಿತು. ಬೂಟಿನೊಳಗೆ ಎರಡು ವರ್ಷದ ಹಿಂದೆ ಮಾಯವಾದ ಹೆಂಡತಿಯ ಕನ್ನಡಕ ಸಿಕ್ಕಿತು. ಅವಳು ಅದನ್ನು ಹಾಕಿಕೊಂಡು ಗಂಡನನ್ನು ಒಮ್ಮೆ ಚೆನ್ನಾಗಿ ನೋಡಿದಳು.

“ಮನಸ್ಸು ಒಂದು ಕಡೆ ಇಟ್ಟು ಯೋಚನೆ ಮಾಡಿ,” ಎಂದರು ಪೋಸ್ಟ್‌ಮಾಸ್ಟರು.

ಈ ಬುದ್ಧಿವಾದವನ್ನು ಚೀಟಿ ಸಾರ್ ಒಂದನೇ ತರಗತಿಯಿಂದ ಕೇಳುತ್ತಿದ್ದರು. ಮೈಯೆಲ್ಲ ಉರಿದುಹೋಯಿತು.

“ಇಟ್ಟರೆ ಅದನ್ನೂ ಎಲ್ಲಿಟ್ಟೆ ಅಂತ ಹುಡುಕ್ಬೇಕಾಗುತ್ತೆ, ಸ್ವಾಮಿ.”

ಹತ್ತಕ್ಕೆ ಹತ್ತನೆಯವಳ ಫೋನು ಬಂತು. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿ, ಬೈಗುಳಕ್ಕೆ ಕಾದರು. ಅವಳು ಬೈಯಲಿಲ್ಲ.

“ಸಾರ್, ನೀವೇ ಹೇಳಿಕೊಟ್ಟಿದ್ದಲ್ವಾ? ಎಲ್ಲಿಟ್ಟೆ ಅಂತ ಕೇಳ್ಕೋಬಾರ್ದು. ಇಡೋವಾಗ ಇನ್ನೊಂದು ಕೈಲಿ ಏನಿತ್ತು ಅಂತ ಕೇಳ್ಕೋಬೇಕು. ಏನಿತ್ತು?”

ಚೀಟಿ ಸಾರ್ ಕಣ್ಣು ಮುಚ್ಚಿದರು. “ಬಲ್ಬು.”

“ಬಲ್ಬು ಹಾಕೋಕೆ ಏನು ಹತ್ತಿದ್ರಿ?”

“ಏಣಿ!” ಏಣಿ ಪೋಸ್ಟ್‌ಮಾಸ್ಟರದು. ಗಂಡ, ಹೆಂಡತಿ, ಟೈಲರಮ್ಮ ಮೂವರೂ ಒಟ್ಟಿಗೆ ಕುರ್ಚಿಯ ಕಡೆ ತಿರುಗಿದರು.

“ನೀಲಿ ಫೈಲಾ?” ಎಂದರು ಪೋಸ್ಟ್‌ಮಾಸ್ಟರು. “ಏಣಿ ವಾಪಸ್ ಬಂದಾಗ ಮೇಲಿನ ಹಲಗೆ ಮೇಲಿತ್ತು. ವಿಳಾಸ ಇರ್ಲಿಲ್ಲ, ಯಾರಾದ್ರೂ ಕೇಳ್ಕೊಂಡು ಬರ್ಲಿ ಅಂತ ಇಟ್ಕೊಂಡೆ. ನೀವು ಸರ್ಟಿಫಿಕೇಟು ಅಂದ್ರಿ. ಫೈಲು ಅನ್ನಲೇ ಇಲ್ವಲ್ಲ.”

ಒಂದು ಗಂಟೆಯಿಂದ ಕೂತಿದ್ದ ಮನುಷ್ಯ! ಜಗಳಕ್ಕೆ ಸಮಯವಿರಲಿಲ್ಲ. ಸಂದರ್ಶನ ಎಲ್ಲಿ ಎಂದು ಕೇಳಿದರೆ, ನಿಮ್ಮ ಆಫೀಸಿನಲ್ಲೇ ಸಾರ್ ಎಂದಳು ಹತ್ತನೆಯವಳು. ಯಾವುದೋ ಕಂಪನಿಯವರು ಹಾಲ್ ಕೇಳಿರಬೇಕು ಎಂದುಕೊಂಡು ಚೀಟಿ ಸಾರ್ ಒಂದು ಕಾಲಿಗೆ ಬೂಟು, ಒಂದಕ್ಕೆ ಚಪ್ಪಲಿ ಮೆಟ್ಟಿ, ಕೆಳಗಿನ ಮನೆಯಿಂದ ಫೈಲು ಎತ್ತಿಕೊಂಡು ಓಡಿದರು. ಹನ್ನೊಂದಕ್ಕೆ ಮೂರು ನಿಮಿಷವಿರುವಾಗ ಅವಳ ಕೈಗೆ ಫೈಲು ಸೇರಿತು. ಹೊರಗಿನ ಬೆಂಚಿನ ಮೇಲೆ ಕುಸಿದು, ಬದುಕಿದೆ ಎಂದುಕೊಂಡರು.

ಅರ್ಧ ಗಂಟೆಯ ನಂತರ ಮೇಡಂ ಹೊರಗೆ ಬಂದು ಅವರ ಕೈ ಹಿಡಿದು ಕುಲುಕಿದರು. ಹತ್ತನೆಯವಳು ಆಯ್ಕೆಯಾಗಿದ್ದಳು. ಬೆಳಿಗ್ಗೆ ಫೋನಿನಲ್ಲೇ ಯಾರಿಗೋ ಕಳೆದ ಫೈಲು ಹುಡುಕಿಕೊಟ್ಟಳಂತೆ, ಅದನ್ನು ಕೇಳಿದ ಮೇಲೆ ಬೇರೆ ಪ್ರಶ್ನೆಯೇ ಬೇಕಾಗಲಿಲ್ಲವಂತೆ.

“ಆದ್ರೂ ತಮ್ಮ ಕುರ್ಚಿನೇ ಇನ್ನೊಬ್ಬರಿಗೆ ಬಿಟ್ಟುಕೊಡೋಕೆ ದೊಡ್ಡ ಮನಸ್ಸು ಬೇಕು.”

“ಯಾರ ಕುರ್ಚಿ, ಮೇಡಂ?”

ಮೇಡಂ ಒಳಗಿನಿಂದ ಆ ಕಾಗದದ ಆಫೀಸ್ ಪ್ರತಿ ತರಿಸಿಕೊಟ್ಟರು. ಚೀಟಿ ಸಾರ್ ಮೊದಲ ಬಾರಿಗೆ ಮೂರನೆಯ ಸಾಲು ಓದಿದರು: ‘ಸದರಿ ಸಲಹೆಗಾರರ ಹುದ್ದೆಯಲ್ಲಿ ತಾವೇ ಮುಂದುವರಿಯಲು ಇಚ್ಛಿಸಿದಲ್ಲಿ ಅರ್ಜಿ ಸಲ್ಲಿಸತಕ್ಕದ್ದು. ಇಲ್ಲವಾದಲ್ಲಿ ಯೋಗ್ಯರೊಬ್ಬರ ಹೆಸರನ್ನು ಸೂಚಿಸಬಹುದು.’

ಹತ್ತು ಭರ್ತಿಯಾಗಿತ್ತು. ಅಳುವುದೋ ನಗುವುದೋ ತಿಳಿಯದೆ ಅವರು ತಮ್ಮ ಕೋಣೆಗೆ ಹೋಗಿ, ಅಭ್ಯಾಸಬಲದಿಂದ ತಮ್ಮ ಕುರ್ಚಿಗೆ ಹೊರಟವರು ತಡೆದು, ಎದುರಿನ ಕುರ್ಚಿಯಲ್ಲಿ ಕೂತರು. ಹಿಂದೆಯೇ ಬಂದ ಹತ್ತನೆಯವಳ ಕಣ್ಣು ತುಂಬಿತ್ತು.

“ನೀವು ಪೂರ್ತಿ ಓದಿಯೇ ಕೊಟ್ಟಿರ್ತೀರ ಅಂದ್ಕೊಂಡೆ, ಸಾರ್. ಚಿಂತೆ ಮಾಡ್ಬೇಡಿ. ನನ್ನ ಮೊದಲನೇ ಅರ್ಜಿ ನಿಮ್ಮದೇ.” ಡ್ರಾಯರಿನಿಂದ ಹೊಸ ಫಾರಂ ತೆಗೆದು, ಪೆನ್ನಿನ ಮುಚ್ಚಳ ಬಿಚ್ಚಿದಳು. “ಅಸಲಿ ಸರ್ಟಿಫಿಕೇಟುಗಳು ಇವೆ ತಾನೆ?”

“ಇವೆಯಮ್ಮ,” ಎಂದರು ಚೀಟಿ ಸಾರ್. “ಭದ್ರವಾಗಿ ಇಟ್ಟಿದ್ದೀನಿ.”

ಅವಳು ಮುಚ್ಚಳವನ್ನು ಮತ್ತೆ ಹಾಕಿದಳು.

“ಆಗ ಇನ್ನೊಂದು ಕೈಲಿ ಏನಿತ್ತು, ಸಾರ್?”