ಮಾವನ ಹುತುತು ಕಾಯ್ದೆ

ನಮ್ಮ ಸೋದರಮಾವ ತನ್ನ ತಂಡವನ್ನು ತಾನೇ ಸೋಲಿಸಿ ಮೀಸೆ ತಿರುವಿದವನು ಎಂದರೆ ನಂಬುತ್ತೀರಾ? ನಂಬಲೇಬೇಕು, ಆ ಸೋತ ತಂಡದಲ್ಲಿ ನಾನೂ ಇದ್ದೆ!

ಆಗಿನ್ನೂ ಕಲ್ಯಾಣಿ ಎನಿಸಿಕೊಂಡಿದ್ದ ಬಸವಕಲ್ಯಾಣದಲ್ಲಿ ಮಾವ ನಮಗೆ ಹುತುತು ಕಲಿಸುತ್ತಿದ್ದ. ಒಂದೇ ಉಸಿರಿನಲ್ಲಿ ದಾಳಿ ಮಾಡುವ, ಈಗಿನವರು ಕಬಡ್ಡಿ ಎನ್ನುವ ಆಟ. ಹುಮನಾಬಾದಿನ ಪಂದ್ಯದಲ್ಲಿ ನಮ್ಮ ತಂಡದ ಹುಲಿ ಇಸ್ಮಾಯಿಲ್ ಕೊನೆಯ ದಾಳಿಯಲ್ಲಿ ಇಬ್ಬರನ್ನು ಮುಟ್ಟಿ ಬಂದ. ಗೆದ್ದೆವೆಂದು ನಾವು ಕುಣಿಯುತ್ತಿದ್ದರೆ ಮಾವ ಅಂಪೈರನ ಬಳಿ ಹೋಗಿ, "ಸಾಹೇಬ್ರ, ನಡುವ ಇವನ ದಮ್ ತುಂಡಾತ್ರಿ. ನೀವು ಕೇಳ್ಲಿಲ್ಲ, ನಾ ಕೇಳೀನಿ," ಎಂದ. ಸೋತೆವು. ಹುಮನಾಬಾದಿನವರೇ ಪಾಪ ಎಂದು ನಮಗೆ ಚಹಾ ಕುಡಿಸಿದರು.

ಶಿಕ್ಷೆಯಲ್ಲೂ ಅಷ್ಟೇ. ತಪ್ಪು ಮಾಡಿದವನು ಕೋಟೆಯ ಕಂದಕ ಸುತ್ತಿ ಓಡಬೇಕು, ಜೊತೆಗೆ ಮಾವನೂ ಓಡುತ್ತಿದ್ದ. "ಕಲಿಸಿದಾಂವ ನಾನೇ ಅಲ್ಲೇನು? ತಪ್ಪಿನ್ಯಾಗ ನಂದೂ ಪಾಲು ಅದ." ಧೋತರ ಎತ್ತಿ ಕಟ್ಟಿ, ಹೊಟ್ಟೆ ಕುಣಿಸುತ್ತ ಓಡುವ ಅವನನ್ನು ನೋಡಿ ನಗು ತಡೆಯುವುದೇ ನಮಗೆ ದೊಡ್ಡ ಶಿಕ್ಷೆ.

ಎಲ್ಲಕ್ಕಿಂತ ಕಠಿಣವಾದದ್ದು ಹಾಜರಿಯ ಕಾಯ್ದೆ. ಒಬ್ಬ ಬಾರದಿದ್ದರೂ ಆಟವಿಲ್ಲ. ಅವನು ಬರುವವರೆಗೆ ಉಳಿದವರು ಸಾಲಾಗಿ ನಿಂತಿರಬೇಕು, ಕೂರುವಂತಿಲ್ಲ. ಒಮ್ಮೆ ಒಬ್ಬನ ಮನೆಯ ಎಮ್ಮೆ ಹಗ್ಗ ಹರಿದು ಓಡಿದ್ದಕ್ಕೆ, ಅದು ಸಿಗುವವರೆಗೆ ತಂಡವೆಲ್ಲ ನಿಂತೇ ಇತ್ತು!

ಆಮೇಲೆ ನಿಜಾಮನ ಪರ ಆಯುಧ ಹಿಡಿದ ರಜಾಕಾರರ ಹಾವಳಿ ಬಂತು. ಗೋರ್ಟಾದಲ್ಲಿದ್ದ ಮಾವನ ಖಾಸಾ ಅಣ್ಣನನ್ನು ಅವರು ಕೊಂದರು. ನಿಜಾಮನ ಆಡಳಿತ ಮುಗಿದಾಗ ಸೇಡಿಗೆ ಅಂಜುವ ಸರದಿ ಮುಸ್ಲಿಮರಿದ್ದ ಇಸ್ಮಾಯಿಲನ ಓಣಿಯದಾಯಿತು. ಯಾವ ತಪ್ಪೂ ಮಾಡದ ಅವನ ಮನೆಯವರು ಬಾಗಿಲು ಹಾಕಿಕೊಂಡು ಕೂತರು. ಮೈದಾನಕ್ಕೆ ಎಲ್ಲರೂ ಮರಳಿದರು, ಅವನೊಬ್ಬನ ಹೊರತು. ಮಾವ ಕೆಲವು ದಿನ ನಮ್ಮೊಂದಿಗೆ ಸಾಲಿನಲ್ಲಿ ನಿಂತು, ಆಟವಾಡಿಸದೆ ಮನೆಗೆ ಕಳಿಸಿದ.

"ಇನ್ನ ಅವನ್ನ ಬಿಡ್ರಿ ಮಾಮಾ," ಎಂದು ಒಬ್ಬ ಗೊಣಗಿದ. ಮಾವ ನಮ್ಮನ್ನು ಕರೆದೊಯ್ದು ಇಸ್ಮಾಯಿಲನ ಮನೆಯ ಮುಂದೆ ಸಾಲಾಗಿ ನಿಲ್ಲಿಸಿ, ತಾನೂ ನಿಂತ.

ಬಿಸಿಲೇರಿದ ಮೇಲೆ ಬಾಗಿಲು ಅರೆ ತೆರೆಯಿತು. ಇಸ್ಮಾಯಿಲನ ತಂದೆ ಕೈಮುಗಿದರು. "ಸಾಹೇಬ್ರ, ಹುಡುಗಗ ಆರಾಮಿಲ್ರಿ."

"ಆರಾಮ ಆಗೋತನ ನಿಲ್ತೀವ್ರಿ," ಎಂದ ಮಾವ.

"ಒಳಗ ಬಂದು ಕುಂದರ್ರಿ."

"ಕೂಡೋ ಹಂಗಿಲ್ರಿ. ಟೀಮಿನ ಕಾಯ್ದೆ ಅದ."

ಮರುದಿನವೂ ನಿಂತೆವು. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ಕೊನೆಗೆ ಇಸ್ಮಾಯಿಲ್ ತಲೆ ತಗ್ಗಿಸಿಕೊಂಡು ಹೊರಬಂದ.

ಮಾವ ಅವನನ್ನು ಅಪ್ಪಿಕೊಳ್ಳುತ್ತಾನೆ ಎಂದುಕೊಂಡೆ. ಎಲ್ಲಿ ಬಂತು! "ತಡಾ ಮಾಡಿದಿ. ಕಂದಕ ಸುತ್ತಿ ಓಡು," ಎಂದು ಗದರಿ, ತನ್ನ ಧೋತರ ಎತ್ತಿ ಕಟ್ಟಿದ.

"ತಪ್ಪು ನಂದು ಮಾಮಾ. ನೀವ್ಯಾಕ ಓಡ್ತೀರಿ?"

"ನಿಮ್ಮ ಮನಿತನಕ ಬರಾಕ ನಾನೂ ತಡಾ ಮಾಡೇನಿ. ನಡಿ."

ಇಬ್ಬರೂ ಓಡಿದರು. ಆ ಹೊಟ್ಟೆ ಎಂದಿನಂತೆ ಕುಣಿಯುತ್ತಿತ್ತು. ಅವತ್ತು ನಮ್ಮಲ್ಲಿ ಯಾರೂ ನಗಲಿಲ್ಲ. ನನ್ನ ಕಣ್ಣು ತುಂಬಿತ್ತು. ಅವರ ಹಿಂದೆಯೇ ನಾವೂ ಓಡಿದೆವು.